ಅಂತರ್ಜಾಲದಲ್ಲಿ ವಂತಿಗೆ

ಎರಡು ರೂಪಾಯಿಗೆ ಒಂದು ಸಿನಿಮಾ ಮಾಡಬಹುದೇ? ಐದು ಲಕ್ಷ ಜನ ತಲಾ ಎರಡು ರೂಪಾಯಿ ಕೊಟ್ಟರೆ ಮಾಡಬಹುದು. ಇದು ಗಣಿತ ಪುಸ್ತಕದ ಲೆಕ್ಕವಲ್ಲ, ನಿಜವಾಗಿ ನಡೆದ ಸಂಗತಿ. 1976ರಲ್ಲಿ ಶ್ಯಾಮ್ ಬೆನಗಲ್ ನಿರ್ದೇಶಿಸಿದ ‘ಮಂಥನ್’ ಚಿತ್ರಕ್ಕೆ ಬಂಡವಾಳ ಹಾಕಿದವರು ಗುಜರಾತಿನ ಹಾಲು ಉತ್ಪಾದಕರ ಸಹಕಾರ ಸಂಘಗಳ ಐದು ಲಕ್ಷ ರೈತರು. ಹೀಗೆ ಹತ್ತು ಲಕ್ಷ ರೂಪಾಯಿ ಕೂಡಿತು. ಹಾಲಿನ ಸಹಕಾರ ಚಳವಳಿಯ ಕಥೆಯನ್ನೇ ಹೇಳುವ ಆ ಚಿತ್ರದಲ್ಲಿ ಪಶುವೈದ್ಯ ಡಾ. ರಾವ್ ಆಗಿ ಅಭಿನಯಿಸಿದವರು ನಮ್ಮ ಗಿರೀಶ ಕಾರ್ನಾಡರು. ಚಿತ್ರ ತೆರೆಕಂಡಾಗ ರೈತರು ಲಾರಿಗಳಲ್ಲಿ ತುಂಬಿಕೊಂಡು ಬಂದು ತಮ್ಮ ಸಿನಿಮಾ ನೋಡಿದರು. ಅರ್ಧ ಶತಮಾನದ ಹತ್ತಿರ ಕಳೆದ ಮೇಲೆ, 2024ರಲ್ಲಿ, ಜೀರ್ಣೋದ್ಧಾರಗೊಂಡ ಅದೇ ಚಿತ್ರ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ರೈತ ಕೊಟ್ಟದ್ದು ಬರೀ ಎರಡು ರೂಪಾಯಿಯಲ್ಲ. ಅದರ ಜೊತೆಗೇ ಆತ ಪ್ರೇಕ್ಷಕನಾಗಿಯೂ ಸೇರಿಕೊಂಡ. ಹಣವೂ ಪ್ರಚಾರವೂ ಒಂದೇ ಬಾಗಿಲಿನಿಂದ ಒಳಗೆ ಬಂದವು. ಇಂದು ಅಂತರ್ಜಾಲದ ಮೂಲಕ ಕಥೆ, ಚಿತ್ರ, ಸಂಗೀತ, ಆಟಿಕೆಗಳಿಗೆ ಹಣ ಕೂಡಿಸುವ ‘ಕ್ರೌಡ್‌ಫಂಡಿಂಗ್’ ಎಂಬ ಪದ್ಧತಿಯ ಜೀವಾಳವೂ ಇದೇ. ಹೆಸರು ಹೊಸದು, ಅಷ್ಟೆ. ಊರಿನ ಜಾತ್ರೆಗೆ, ಗಣಪತಿಗೆ, ನಾಟಕಕ್ಕೆ ವಂತಿಗೆ ಎತ್ತಿದವರಿಗೆ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಕರಾವಳಿಯ ಹರಕೆಯಾಟವನ್ನೇ ನೋಡಿ. ಒಬ್ಬ ಭಕ್ತರು ಮೇಳಕ್ಕೆ ವೀಳ್ಯ ಕೊಟ್ಟು ಆಟ ಆಡಿಸುತ್ತಾರೆ, ಊರಿಗೆ ಊರೇ ರಾತ್ರಿಯಿಡೀ ಉಚಿತವಾಗಿ ನೋಡುತ್ತದೆ. ಕಲೆಯನ್ನು ಸಾಕುವ ಉಪಾಯಗಳು ನಮ್ಮಲ್ಲಿ ಹಳೆಯವು.

ಪತ್ರಿಕೆಯೂ ಒಮ್ಮೆ ಈ ಕೆಲಸ ಮಾಡಿದೆ. ಅಮೆರಿಕದ ನ್ಯೂಯಾರ್ಕ್ ಬಂದರಿನಲ್ಲಿ ನಿಂತಿರುವ ಸ್ವಾತಂತ್ರ್ಯ ದೇವಿಯ ಪ್ರತಿಮೆ ಫ್ರಾನ್ಸ್ ದೇಶದ ಜನರ ಕೊಡುಗೆ. ಆದರೆ ಅದನ್ನು ನಿಲ್ಲಿಸುವ ಪೀಠದ ಖರ್ಚು ಅಮೆರಿಕನ್ನರದ್ದು. ಸುಮಾರು ಒಂದು ಲಕ್ಷ ಡಾಲರ್ ಕೊರತೆ ಬಿದ್ದು ಕೆಲಸ ನಿಂತೇ ಹೋಯಿತು. 1885ರ ಮಾರ್ಚ್‌ನಲ್ಲಿ ‘ದಿ ವರ್ಲ್ಡ್’ ಪತ್ರಿಕೆಯ ಒಡೆಯ ಜೋಸೆಫ್ ಪುಲಿಟ್ಜರ್ ಓದುಗರಿಗೆ ಮನವಿ ಮಾಡಿ, ಎಷ್ಟೇ ಚಿಕ್ಕ ಮೊತ್ತ ಕೊಟ್ಟರೂ ಕೊಟ್ಟವರ ಹೆಸರನ್ನು ಅಚ್ಚು ಹಾಕುವುದಾಗಿ ಮಾತು ಕೊಟ್ಟ. ಐದೇ ತಿಂಗಳಲ್ಲಿ 1,60,000ಕ್ಕೂ ಹೆಚ್ಚು ಮಂದಿ ಲಕ್ಷ ಡಾಲರ್ ದಾಟಿಸಿಬಿಟ್ಟರು. ಬಹುಪಾಲು ಜನ ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ. ಪತ್ರಿಕೆಯ ಪ್ರಸಾರವೂ ಏರಿತೆನ್ನಿ. ಪುಲಿಟ್ಜರ್ ಲೆಕ್ಕ ತಿಳಿಯದವನೇನಲ್ಲ.

ಹಾಗಾದರೆ ಅಂತರ್ಜಾಲ ಮಾಡಿದ್ದೇನು? ವಂತಿಗೆ ಪುಸ್ತಕ ಹಿಡಿದು ಮನೆಮನೆ ತಿರುಗುವ ಶ್ರಮವನ್ನು ಇಳಿಸಿತು. ಒಂದೇ ರುಚಿಯ ಜನ ಬೇರೆ ಬೇರೆ ಊರುಗಳಲ್ಲಿ ಚದುರಿದ್ದರೂ ಅವರನ್ನು ಒಂದೆಡೆ ಕಾಣುವಂತೆ ಮಾಡಿತು. ಇದರ ಮೊದಲ ದೊಡ್ಡ ಉದಾಹರಣೆ 1997ರದು. ಇಂಗ್ಲೆಂಡಿನ ‘ಮರಿಲಿಯನ್’ ಎಂಬ ವಾದ್ಯತಂಡ, ಖರ್ಚು ಗಿಟ್ಟುವುದಿಲ್ಲವೆಂದು ಅಮೆರಿಕ ಪ್ರವಾಸವನ್ನು ಕೈಬಿಟ್ಟಿತ್ತು. ಅಭಿಮಾನಿಗಳು ಸುಮ್ಮನಿರಲಿಲ್ಲ. ತಾವೇ ಬ್ಯಾಂಕ್ ಖಾತೆ ತೆರೆದು, ಅಂತರ್ಜಾಲದಲ್ಲಿ ಸುದ್ದಿ ಹಬ್ಬಿಸಿ, 60,000 ಡಾಲರ್ ಕೂಡಿಸಿ ತಂಡವನ್ನು ಕರೆಸಿಕೊಂಡರು. ಈ ಅನುಭವದಿಂದ ಪಾಠ ಕಲಿತ ತಂಡ, 2001ರ ತನ್ನ ಆಲ್ಬಮ್ಮಿಗೆ ಧ್ವನಿಮುದ್ರಣ ಶುರುವಾಗುವ ಮೊದಲೇ 12,000ಕ್ಕೂ ಹೆಚ್ಚು ಮಂದಿಯಿಂದ ಮುಂಗಡ ಪಡೆಯಿತು.

ನಂತರ ಇದಕ್ಕೆಂದೇ ಜಾಲತಾಣಗಳು ಹುಟ್ಟಿದವು. 2009ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ‘ಕಿಕ್‌ಸ್ಟಾರ್ಟರ್’ ಇವುಗಳಲ್ಲಿ ಹೆಸರಾದುದು. ಅದರ ನಿಯಮ ಮಕ್ಕಳಿಗೂ ಅರ್ಥವಾಗುವಂಥದು. ಕಲಾವಿದ ತನಗೆ ಬೇಕಾದ ಮೊತ್ತವನ್ನೂ ಗಡುವನ್ನೂ ಹೇಳಬೇಕು. ಗಡುವಿನೊಳಗೆ ಗುರಿ ಮುಟ್ಟಿದರೆ ಹಣ ಕೈಸೇರುತ್ತದೆ, ಜಾಲತಾಣ ನೂರಕ್ಕೆ ಐದರಂತೆ ಶುಲ್ಕ ಹಿಡಿದುಕೊಳ್ಳುತ್ತದೆ, ಹಣ ಪಾವತಿಯ ಶುಲ್ಕ ಬೇರೆ. ಒಂದು ಡಾಲರ್ ಕಡಿಮೆ ಬಿದ್ದರೂ ಯಾರ ಖಾತೆಯಿಂದಲೂ ಚಿಕ್ಕಾಸು ಕಡಿತವಾಗದು. ಮೇಲುನೋಟಕ್ಕೆ ಕ್ರೂರವೆನಿಸಿದರೂ ಇದು ಒಳ್ಳೆಯ ನಿಯಮ. ಅರ್ಧ ಹಣದಲ್ಲಿ ಅರ್ಧ ಸಿನಿಮಾ ಮಾಡಿ ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂರುವುದಕ್ಕಿಂತ, ಆರಂಭಿಸದೇ ಇರುವುದು ಲೇಸಲ್ಲವೇ? ಅಲ್ಲಿ ಹಾಕಿದ ಯೋಜನೆಗಳಲ್ಲಿ ಗುರಿ ಮುಟ್ಟುವುದು ಸುಮಾರಾಗಿ ಐದರಲ್ಲಿ ಎರಡು ಮಾತ್ರ.

‘ಲೂಸಿಯಾ’ದ ಲೆಕ್ಕ

ಕನ್ನಡಿಗರಿಗೆ ಈ ವಿಷಯ ಮನೆಮಾತಾದದ್ದು ಪವನ್ ಕುಮಾರ್ ಅವರ ‘ಲೂಸಿಯಾ’ ಚಿತ್ರದಿಂದ. ಚಿತ್ರಮಂದಿರದ ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಹುಡುಗನೊಬ್ಬ ನಿದ್ದೆ ಬಾರದೆ ಒಂದು ಮಾತ್ರೆ ನುಂಗುತ್ತಾನೆ, ಕನಸಿನಲ್ಲಿ ಇನ್ನೊಂದು ಬಾಳು ಬಾಳುತ್ತಾನೆ. ಇಂಥ ಕಥೆಗೆ ಹಣ ಹಾಕುವ ನಿರ್ಮಾಪಕರು ಸುಲಭಕ್ಕೆ ಸಿಗಲಿಲ್ಲ. ಚಿತ್ರರಂಗದ ರೀತಿನೀತಿಗಳ ಬಗ್ಗೆ ತಮ್ಮ ಬೇಸರವನ್ನು ಪವನ್ ಅಂತರ್ಜಾಲದಲ್ಲಿ ಬರೆದುಕೊಂಡರು. ಓದಿದವರು ಹಣ ಹಾಕಲು ಮುಂದೆ ಬಂದರು. 27 ದಿನಗಳಲ್ಲಿ 110 ಮಂದಿಯಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿತು. ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ಸತೀಶ್ ನಾಯಕರಾದರು, ಶ್ರುತಿ ಹರಿಹರನ್ ನಾಯಕಿ, ಪೂರ್ಣಚಂದ್ರ ತೇಜಸ್ವಿಯವರ ಸಂಗೀತ. 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಗಳಿಸಿ, ಸೆಪ್ಟೆಂಬರಿನಲ್ಲಿ ಇಲ್ಲಿ ತೆರೆಕಂಡಿತು. 2015ರಲ್ಲಿ ತಮಿಳಿನಲ್ಲಿ ‘ಎನಕ್ಕುಳ್ ಒರುವನ್’ ಎಂದು ಮರುಹುಟ್ಟು ಪಡೆಯಿತು.

ಈ ಕಥೆಯನ್ನು ಕೇಳಿದ ಹುಡುಗರು ಸಾಮಾನ್ಯವಾಗಿ ‘27 ದಿನ’ ಎಂಬುದನ್ನು ಮಾತ್ರ ನೆನಪಿಡುತ್ತಾರೆ. ನಾವು ಸ್ವಲ್ಪ ಭಾಗಾಕಾರ ಮಾಡೋಣ. 50 ಲಕ್ಷವನ್ನು 110ರಿಂದ ಭಾಗಿಸಿದರೆ ತಲಾ 45,000 ರೂಪಾಯಿ! ‘ಮಂಥನ್’ನ ಎರಡು ರೂಪಾಯಿಗೂ ಇದಕ್ಕೂ ಎಷ್ಟು ಅಂತರ! ಗುಜರಾತಿನಲ್ಲಿ ಐದು ಲಕ್ಷ ಮಂದಿಯ ಹಿಂದೆ ಒಂದು ಸಹಕಾರ ಸಂಘದ ಜಾಲವಿತ್ತು, ದಿನಾ ಹಾಲು ಹಾಕುವ ನಂಬಿಕೆ ಇತ್ತು. ಇಲ್ಲಿ 110 ಮಂದಿ ಅರ್ಧ ಲಕ್ಷದ ಹತ್ತಿರ ಹಣವನ್ನು ಒಬ್ಬ ನಿರ್ದೇಶಕನ ಕೈಗಿತ್ತದ್ದು ಯಾವ ಭರವಸೆಯಿಂದ? ‘ಮನಸಾರೆ’, ‘ಪಂಚರಂಗಿ’ ಚಿತ್ರಗಳ ಬರವಣಿಗೆಯಲ್ಲಿ ಪವನ್ ಅವರ ಪಾಲಿತ್ತು. 2011ರಲ್ಲಿ ‘ಲೈಫು ಇಷ್ಟೇನೆ’ ನಿರ್ದೇಶಿಸಿದ್ದರು. ಜನ ಅವರ ಕೆಲಸವನ್ನು ನೋಡಿದ್ದರು. ಅಂದರೆ 27 ದಿನಗಳ ಹಿಂದೆ ಹಲವು ವರ್ಷಗಳ ದುಡಿಮೆ ಇತ್ತು.

ಅಮೆರಿಕದ ಕಾದಂಬರಿಕಾರ ಬ್ರಾಂಡನ್ ಸ್ಯಾಂಡರ್ಸನ್ 2022ರಲ್ಲಿ ನಾಲ್ಕು ಕಾದಂಬರಿಗಳಿಗಾಗಿ ಕಿಕ್‌ಸ್ಟಾರ್ಟರ್‌ನಲ್ಲಿ ಮನವಿ ಮಾಡಿದಾಗ 1,85,000ಕ್ಕೂ ಹೆಚ್ಚು ಓದುಗರಿಂದ 4 ಕೋಟಿ 17 ಲಕ್ಷ ಡಾಲರ್ ಬಂತು. ಕೇಳಿದರೆ ತಲೆ ತಿರುಗುತ್ತದೆ. ಆತನ ಮೊದಲ ಕಾದಂಬರಿ ಪ್ರಕಟವಾದದ್ದು 2005ರಲ್ಲಿ ಎಂಬುದನ್ನೂ ಒಟ್ಟಿಗೇ ಹೇಳಬೇಕು. ಅಲ್ಲದೆ ಆ ನಾಲ್ಕೂ ಕಾದಂಬರಿಗಳನ್ನು ಆತ ಕೋವಿಡ್ ಕಾಲದಲ್ಲಿ ಸದ್ದಿಲ್ಲದೆ ಬರೆದು ಮುಗಿಸಿ, ಆಮೇಲೆ ಹಣ ಕೇಳಿದ್ದ. ಬರೆಯುವುದಾಗಿ ಹೇಳಿ ಹಣ ಕೇಳುವವನಿಗೂ ಬರೆದಿಟ್ಟುಕೊಂಡು ಕೇಳುವವನಿಗೂ ವ್ಯತ್ಯಾಸವಿದೆ.

ಎಲ್ಲರ ಕೆಲಸವೂ ಬೇಗ ಮುಗಿಯುತ್ತದೆಂದು ಇದರ ಅರ್ಥವಲ್ಲ. ನಮ್ಮ ‘ಗೋವಿನ ಹಾಡಿ’ನ ಪುಣ್ಯಕೋಟಿಯನ್ನು ಸಂಸ್ಕೃತದ ಅನಿಮೇಷನ್ ಚಿತ್ರವಾಗಿಸಲು ಬೆಂಗಳೂರಿನ ವಿ. ರವಿಶಂಕರ್ ಹೊರಟಾಗ, 2015ರಲ್ಲಿ ‘ವಿಶ್‌ಬೆರಿ’ ಎಂಬ ಭಾರತೀಯ ಜಾಲತಾಣದ ಮೂಲಕ ಸುಮಾರು 40 ಲಕ್ಷ ರೂಪಾಯಿ ಕೂಡಿಸಿದರು. ದೇಶದ ಬೇರೆ ಬೇರೆ ಕಡೆಯ ಕಲಾವಿದರು ತಾವಿದ್ದಲ್ಲಿಂದಲೇ ಚಿತ್ರಿಸಿದರು, ಇಳಯರಾಜಾ ಸಂಗೀತ ಕೊಟ್ಟರು. ಚಿತ್ರ ಜನರ ಮುಂದೆ ಬಂದದ್ದು 2020ರಲ್ಲಿ, ನೆಟ್‌ಫ್ಲಿಕ್ಸ್ ಮೂಲಕ. ಹಣ ಕೊಟ್ಟವರು ಐದು ವರ್ಷ ಕಾದರು. ‘ಕೊಟ್ಟ ಭಾಷೆಗೆ ತಪ್ಪಲಾರೆನು’ ಎಂಬ ಹಸುವಿನ ಕಥೆಗೇ ಇಷ್ಟು ಕಾಲ ಬೇಕಾಯಿತಾದರೂ, ಭಾಷೆ ಉಳಿಯಿತು.

ಗೆದ್ದು ಸೋತವರು

ಹಣ ಕೂಡದೆ ಸೋಲುವುದು ದೊಡ್ಡ ಅಪಾಯವಲ್ಲ. ಮರುದಿನ ಎದ್ದು ಬೇರೆ ಕೆಲಸ ನೋಡಬಹುದು. ಹಣ ಕೂಡಿದ ಮೇಲೆ ಸೋಲುವುದಿದೆಯಲ್ಲ, ಅದು ಅಪಾಯ.

ಅಮೆರಿಕದಲ್ಲಿ ರಯಾನ್ ಗ್ರೆಪ್ಪರ್ ಎಂಬಾತ ತಿರುಗಾಡಲು ಹೋಗುವವರಿಗಾಗಿ ಒಂದು ಐಸ್ ಪೆಟ್ಟಿಗೆ ರೂಪಿಸಿದ. ಹಣ್ಣು ಅರೆಯುವ ಮಿಕ್ಸಿ, ಹಾಡು ಕೇಳುವ ಸ್ಪೀಕರ್, ಮೊಬೈಲ್ ಚಾರ್ಜ್ ಮಾಡುವ ಸೌಲಭ್ಯ ಎಲ್ಲವೂ ಅದರಲ್ಲೇ. ‘ಕೂಲೆಸ್ಟ್ ಕೂಲರ್’ ಎಂದು ಹೆಸರು. 2013ರ ಕೊನೆಯಲ್ಲಿ 1,25,000 ಡಾಲರ್ ಬೇಕೆಂದು ಕೇಳಿದಾಗ ಲಕ್ಷ ಡಾಲರ್ ದಾಟಿದರೂ ಗುರಿ ಮುಟ್ಟಲಿಲ್ಲ, ಕೈಗೆ ಏನೂ ಬರಲಿಲ್ಲ. ಚಳಿಗಾಲದಲ್ಲಿ ಐಸ್ ಪೆಟ್ಟಿಗೆ ಯಾರಿಗೆ ಬೇಕು? ಮರುವರ್ಷ ಬೇಸಿಗೆಯಲ್ಲಿ, ವಿನ್ಯಾಸ ತಿದ್ದಿ, ಬರೀ 50,000 ಡಾಲರ್ ಕೇಳಿದ. ಬಂದದ್ದು 1 ಕೋಟಿ 32 ಲಕ್ಷ ಡಾಲರಿಗೂ ಹೆಚ್ಚು! ಕೊಟ್ಟವರು 62,000ಕ್ಕೂ ಅಧಿಕ ಮಂದಿ. ಪತ್ರಿಕೆಗಳೆಲ್ಲ ಹೊಗಳಿದವು.

ಆದರೆ ಒಂದೊಂದು ಪೆಟ್ಟಿಗೆಯನ್ನು ತಯಾರಿಸಿ ತಲುಪಿಸುವ ಖರ್ಚು, ಜನರಿಂದ ಪಡೆದ ಬೆಲೆಗಿಂತ ಹೆಚ್ಚಾಯಿತು. ಪ್ರತಿಯೊಂದರಲ್ಲೂ ನಷ್ಟವಿದ್ದಾಗ ಬೇಡಿಕೆ ಹೆಚ್ಚಿದಷ್ಟೂ ನಷ್ಟ ಬೆಳೆಯುತ್ತದೆ. ಹಣ ಸಾಲದೆ, ಮುಂಗಡ ಕೊಟ್ಟವರು ಕಾಯುತ್ತಿರುವಾಗಲೇ ಪೆಟ್ಟಿಗೆಗಳನ್ನು ಹೆಚ್ಚಿನ ಬೆಲೆಗೆ ಹೊರಗೆ ಮಾರಬೇಕಾಯಿತು. ಜನ ರೊಚ್ಚಿಗೆದ್ದರು. 2019ರ ಡಿಸೆಂಬರಿನಲ್ಲಿ ಕಂಪನಿ ಬಾಗಿಲು ಮುಚ್ಚಿದಾಗ ಸುಮಾರು 20,000 ಮಂದಿಗೆ ಪೆಟ್ಟಿಗೆ ಸಿಕ್ಕಿರಲೇ ಇಲ್ಲ. ವೇಲ್ಸ್‌ನಲ್ಲಿ ‘ಜಾನೋ’ ಎಂಬ ಅಂಗೈಯಗಲದ ಡ್ರೋನ್ ಮಾಡುತ್ತೇವೆಂದು 12,000ಕ್ಕೂ ಹೆಚ್ಚು ಜನರಿಂದ 23 ಲಕ್ಷ ಪೌಂಡ್ ಪಡೆದ ಕಂಪನಿ 2015ರ ನವೆಂಬರಿನಲ್ಲಿ ದಿವಾಳಿಯಾಯಿತು. ತೋರಿಕೆಯ ವಿಡಿಯೋದಲ್ಲಿ ಹಾರಿದಂತೆ ಅದು ಜನರ ಕೈಯಲ್ಲಿ ಹಾರಲಿಲ್ಲ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮೊಲಿಕ್ 2015ರಲ್ಲಿ ಪರಿಶೀಲಿಸಿದಂತೆ, ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ಮುಟ್ಟಿದ ಯೋಜನೆಗಳಲ್ಲಿ ನೂರಕ್ಕೆ ಸುಮಾರು 9 ಮಾತು ಉಳಿಸಿಕೊಂಡಿರಲಿಲ್ಲ. ಉಳಿದವುಗಳಲ್ಲಿ ತಡವಾಗದೆ ತಲುಪಿದವೂ ಕಡಿಮೆಯೇ. ಮೋಸಕ್ಕಿಂತ ಇಲ್ಲಿ ಲೆಕ್ಕ ತಪ್ಪಿದ್ದೇ ಹೆಚ್ಚೆಂಬುದು ನನ್ನ ಅಭಿಪ್ರಾಯ.

ಆದ್ದರಿಂದ ವಿದ್ಯಾರ್ಥಿಗಳೇ, ಪೆನ್ಸಿಲ್ ತೆಗೆದುಕೊಳ್ಳಿ. ನಿಮ್ಮೂರ ಕೆರೆಯ ಹಕ್ಕಿಗಳ ಬಗ್ಗೆ ನೀವೊಂದು ಚಿತ್ರಪುಸ್ತಕ ತರಬೇಕೆಂದಿದ್ದೀರಿ ಎಂದುಕೊಳ್ಳೋಣ. 300 ಪ್ರತಿ. ಅಚ್ಚಿಗೆ ಪ್ರತಿಯೊಂದಕ್ಕೆ 150 ರೂಪಾಯಿ. ಲಕೋಟೆ ಮತ್ತು ಅಂಚೆಗೆ 70. ಬೆಲೆ 250 ಎಂದಿಟ್ಟರೆ ಜಾಲತಾಣದ ಶುಲ್ಕ, ಹಣ ಪಾವತಿಯ ಶುಲ್ಕ ಸೇರಿ ನೂರಕ್ಕೆ 8ರಂತೆ 20 ರೂಪಾಯಿ. ಒಟ್ಟು 240. ಉಳಿಯುವುದು ಪ್ರತಿಗೆ 10, ಮುನ್ನೂರಕ್ಕೆ 3,000. ಹತ್ತು ಪ್ರತಿ ಮಳೆಯಲ್ಲಿ ನೆನೆದು, ಅಚ್ಚು, ಅಂಚೆ ಸೇರಿ 220ರಂತೆ ಮತ್ತೆ ಕಳುಹಿಸಬೇಕಾದರೆ 2,200 ಹೋಯಿತು. ಉಳಿದದ್ದು 800. ಛಾಯಾಚಿತ್ರ ತೆಗೆದ ಗೆಳೆಯನಿಗೆ ಕಾಫಿ ತಿಂಡಿಗೂ ಸಾಲದು! ಇನ್ನು, ಜನ ಖುಷಿಪಡಲೆಂದು ಪುಸ್ತಕದ ಜೊತೆ 15 ರೂಪಾಯಿಯ ಕೀಲಿಗೊಂಚಲು ಉಚಿತ ಎಂದು ಘೋಷಿಸಿದಿರೋ, ಪ್ರತಿ ಪುಸ್ತಕಕ್ಕೂ 5 ರೂಪಾಯಿ ನಿಮ್ಮ ಅಪ್ಪನ ಜೇಬಿನಿಂದ. ಬೆಲೆಯನ್ನು 350 ಮಾಡಿದರೆ, ಕೀಲಿಗೊಂಚಲಿನ ಆಸೆ ಬಿಟ್ಟರೆ, ಪ್ರತಿಗೆ 102 ಉಳಿಯುತ್ತದೆ. ನಾನು ಕೊಟ್ಟ ಅಂಕಿಗಳು ಲೆಕ್ಕಕ್ಕಾಗಿ ಇಟ್ಟವು. ನಿಮ್ಮೂರ ಮುದ್ರಣಾಲಯ, ಅಂಚೆ ಕಚೇರಿಗೆ ಹೋಗಿ ನಿಜವಾದ ದರ ಕೇಳಿ ಬರೆದುಕೊಳ್ಳಿ. ತೂಕ ಮಾಡಿಸುವಾಗ ಲಕೋಟೆಯನ್ನೂ ಸೇರಿಸಿ.

ಕೇಳುವ ಮುನ್ನ ಕೊಡುವುದು

ಪ್ರಚಾರವೆಂದರೆ ದಿನಕ್ಕೆ ಹತ್ತು ಬಾರಿ ‘ದಯವಿಟ್ಟು ಬೆಂಬಲಿಸಿ’ ಎಂದು ವಾಟ್ಸ್ಆ್ಯಪ್ ಗುಂಪುಗಳಿಗೆ ಕಳುಹಿಸುವುದು ಎಂದು ಹಲವರು ತಿಳಿದಿದ್ದಾರೆ. ಅದರಿಂದ ಬಂಧುಗಳು ದೂರವಾಗುತ್ತಾರೆ, ಅಷ್ಟೆ. ಹಕ್ಕಿ ಪುಸ್ತಕದ ಉದಾಹರಣೆಯನ್ನೇ ಮುಂದುವರಿಸಿದರೆ, ಹಣ ಕೇಳುವ ಒಂದು ವರ್ಷ ಮೊದಲು ವಾರಕ್ಕೊಂದು ಹಕ್ಕಿಯ ಚಿತ್ರ, ನಾಲ್ಕು ಸಾಲು ವಿವರಣೆಯನ್ನು ಉಚಿತವಾಗಿ ಹಾಕುತ್ತಾ ಬನ್ನಿ. ಕೆರೆಯ ದಡದಲ್ಲಿ ಕುಳಿತು ನೀಲಿ ಮಿಂಚುಳ್ಳಿಗಾಗಿ ಎರಡು ಗಂಟೆ ಕಾದು ಬರಿಗೈಯಲ್ಲಿ ಬಂದದ್ದನ್ನೂ ಬರೆಯಿರಿ. 52 ವಾರ ತಪ್ಪದೆ ಬಂದದ್ದನ್ನು ನೋಡಿದವನಿಗೆ ಪುಸ್ತಕವೂ ಬರುತ್ತದೆ ಎನಿಸುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ಆಟವಿಲ್ಲದೆ ಕುಳಿತ ಯಕ್ಷಗಾನ ಕಲಾವಿದರು ತಾಳಮದ್ದಳೆಗಳನ್ನು ಅಂತರ್ಜಾಲದಲ್ಲಿ ನೇರಪ್ರಸಾರ ಮಾಡಿದಾಗ ಪರವೂರುಗಳಲ್ಲಿದ್ದವರೂ ಕೇಳಿದರು. ಆ ಕೇಳುಗರನ್ನು ಸಂಪಾದಿಸಿದ್ದು ಅವರ ದಶಕಗಳ ವೇಷ ಮತ್ತು ಮಾತುಗಾರಿಕೆ, ಕ್ಯಾಮೆರಾ ಅಲ್ಲ.

ಹಣ ಬರುವ ಬಗೆಯನ್ನು ನಕ್ಷೆಯಲ್ಲಿ ಬರೆದರೆ ಅದು ಬಟ್ಟಲಿನ ಆಕಾರದಲ್ಲಿರುತ್ತದೆ. ಮೊದಲ ದಿನಗಳಲ್ಲಿ ಪರಿಚಿತರು ಕೊಡುತ್ತಾರೆ, ನಡುವೆ ಮೌನ, ಗಡುವು ಹತ್ತಿರವಾದಾಗ ಮತ್ತೆ ಏರಿಕೆ. ನಡುವಿನ ಮೌನಕ್ಕೆ ಹೆದರಿ ಹಲವರು ಕೈಚೆಲ್ಲುತ್ತಾರೆ. ಅಪರಿಚಿತರು ಕೊಡುವುದು ಹೆಚ್ಚಾಗಿ ಆಗಲೇ ಒಂದಷ್ಟು ತುಂಬಿದ ಬಟ್ಟಲಿಗೆ. ಊರಿನ ವಂತಿಗೆ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡವರ ಹೆಸರು ಬರೆಸಿಕೊಂಡು ಹೊರಡುತ್ತಿದ್ದ ಹಿರಿಯರಿಗೆ ಇದು ಗೊತ್ತಿತ್ತು.

ಪೋಷಕರಿಗೆ ಎರಡು ಮಾತು

ನಮ್ಮ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಕರಾರು ಮಾಡಿಕೊಳ್ಳುವಂತಿಲ್ಲ. ಜಾಲತಾಣಗಳೂ ಅಂಥವರ ಹೆಸರಿನಲ್ಲಿ ಯೋಜನೆ ಒಪ್ಪುವುದಿಲ್ಲ. ಆದ್ದರಿಂದ ಮಗ ಅಥವಾ ಮಗಳ ಕನಸಿಗೆ ಖಾತೆ ತೆರೆಯುವವರು, ಸಹಿ ಹಾಕುವವರು ನೀವು. ಪುಸ್ತಕ ತಲುಪದಿದ್ದರೆ ಫೋನು ಬರುವುದೂ ನಿಮಗೇ. ಇದನ್ನು ಕೇಳಿ ‘ಇವೆಲ್ಲ ಬೇಡ, ಮೊದಲು ಪಿಯುಸಿ ಮುಗಿಸು’ ಎಂದು ಗದರಿಸುವವರಿದ್ದಾರೆ. ಹಾಗೆ ಮಾಡಬೇಕಾಗಿಲ್ಲ. ಲೆಕ್ಕ ಇಡುವುದು, ಮಾತು ಕೊಟ್ಟು ನಡೆಸುವುದು, ಅಪರಿಚಿತರಿಗೆ ಸ್ಪಷ್ಟವಾಗಿ ನಾಲ್ಕು ವಾಕ್ಯ ಬರೆಯುವುದು, ಇವನ್ನು ನಾವು ತರಗತಿಯಲ್ಲಿ ಮೂರು ವರ್ಷ ಹೇಳಿದರೂ ಹತ್ತದ್ದು ಒಂದು ಚಿಕ್ಕ ಯೋಜನೆಯಲ್ಲಿ ಹತ್ತುತ್ತದೆ. ಆದರೆ ಮೊತ್ತ ಚಿಕ್ಕದಿರಲಿ. ಎಲ್ಲವೂ ಕೆಟ್ಟರೆ ನಿಮ್ಮ ಕೈಯಿಂದ ತುಂಬಿಕೊಡಬಹುದಾದಷ್ಟೇ ಇರಲಿ.

ಲಾಭದಲ್ಲಿ ಪಾಲು ಕೊಡುತ್ತೇವೆ ಎಂದು ಜಾಹೀರು ಮಾಡಿ ಸಾರ್ವಜನಿಕರಿಂದ ಹಣ ಎತ್ತಬೇಡಿ. ಷೇರು, ಹೂಡಿಕೆಗಳಿಗೆ ಕಟ್ಟುನಿಟ್ಟಿನ ಕಾಯ್ದೆಗಳಿವೆ. ಕಂಪನಿಯೊಂದು ಖಾಸಗಿಯಾಗಿ ಷೇರು ಕೊಡುವುದಾದರೂ ವರ್ಷಕ್ಕೆ 200 ಮಂದಿಯ ಮಿತಿ ಇದೆ, ಅದೂ ಜಾಹೀರಾತಿಲ್ಲದೆ. ಹಣಕ್ಕೆ ಬದಲಾಗಿ ಪುಸ್ತಕ, ಟಿಕೆಟ್, ಧ್ವನಿಮುದ್ರಿಕೆ ಕೊಡುವ ಪದ್ಧತಿಯೇ ವಿದ್ಯಾರ್ಥಿಗಳಿಗೆ ಸೂಕ್ತ. ಬಂದ ಹಣಕ್ಕೆ ಆದಾಯ ತೆರಿಗೆಯ ನಿಯಮ ಅನ್ವಯಿಸಬಹುದು, ಲೆಕ್ಕಪರಿಶೋಧಕರನ್ನು ಒಮ್ಮೆ ವಿಚಾರಿಸಿ. ಸಂಘ ಸಂಸ್ಥೆಗಳ ಹೆಸರಿನಲ್ಲಿ ವಿದೇಶದಿಂದ ದೇಣಿಗೆ ಪಡೆಯುವುದಾದರೆ 2010ರ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು. ಅಮೆರಿಕದ ಮಾವ ಕಳಿಸುತ್ತಾರೆಂದು ಶಾಲಾ ಸಂಘದ ಖಾತೆ ಸಂಖ್ಯೆ ಕೊಟ್ಟುಬಿಡಬೇಡಿ.

ಇನ್ನೊಂದು ಎಚ್ಚರಿಕೆ. 2016ರಲ್ಲಿ ಯುಪಿಐ ಬಂದ ಮೇಲೆ ಎರಡು ರೂಪಾಯಿಯನ್ನೂ ಮೊಬೈಲಿನಲ್ಲೇ ಕಳುಹಿಸಬಹುದಾಗಿದೆ. ಇದು ಚಿಕ್ಕ ವಂತಿಗೆಗೆ ದೊಡ್ಡ ವರ. ಇದನ್ನೇ ನಂಬಿ ವಂಚಕರೂ ಬರುತ್ತಾರೆ. ‘ನಿಮ್ಮ ಮಗಳ ಯೋಜನೆಗೆ ಐದು ಸಾವಿರ ಕೊಡುತ್ತೇನೆ, ಈ ಕ್ಯೂಆರ್ ಚಿತ್ರ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದು ಯಾರಾದರೂ ಹೇಳಿದರೆ ಫೋನು ಇಟ್ಟುಬಿಡಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಬೇಕಾಗುವುದು ಹಣ ಹೋಗುವಾಗ ಮಾತ್ರ. ಹಣ ಕೊಡುವ ಕಡೆಯಲ್ಲಿದ್ದರೂ ಅಷ್ಟೆ. ತೋರಿಸಿದ್ದು ಮಾಡಿಟ್ಟ ವಸ್ತುವೋ, ಕಂಪ್ಯೂಟರಿನಲ್ಲಿ ಬರೆದ ಚಿತ್ರವೋ ನೋಡಿ. ಹಿಂದೆ ಏನಾದರೂ ಮುಗಿಸಿದ್ದಾರೆಯೇ ವಿಚಾರಿಸಿ.

ಕೆಲಸ ಆರಂಭಿಸುವವರು ಒಂದು ಉದ್ದನೆಯ ಲೆಕ್ಕದ ಪುಸ್ತಕ ಕೊಳ್ಳಿ. ಕೊಟ್ಟವರ ಹೆಸರು, ಮೊತ್ತ, ಅವರಿಗೆ ಕೊಡಬೇಕಾದದ್ದು, ಕಳುಹಿಸಿದ ತಾರೀಖು ಎಂದು ನಾಲ್ಕು ಕಲಮು ಎಳೆಯಿರಿ. ತಿಂಗಳಿಗೊಮ್ಮೆ, ಕೆಲಸ ಮುಂದೆ ಸಾಗದಿದ್ದರೂ, ಎಲ್ಲರಿಗೂ ಒಂದು ಓಲೆ ಕಳುಹಿಸಿ, ಯಾಕೆ ತಡವಾಯಿತೆಂದು ತಿಳಿಸಿ. ಅಂಚೆ ರಸೀದಿಗಳನ್ನು ಅದೇ ಪುಸ್ತಕದಲ್ಲಿ ಅಂಟಿಸಿಡಿ.